ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನ ಕಲಿಸಬೇಕಾದ ಶಿಕ್ಷಕರಿಗೆ ಯಾವ ತರಬೇತಿ?

ಐದನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಗಣಿತದ ಪಾಠ ನೋಡುತ್ತಿದ್ದೆ. ಕನ್ನಡ ಮಾಧ್ಯಮದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ತೆರೆದಿದ್ದ ಸರ್ಕಾರಿ ಶಾಲೆ ಅದು. ಶಿಕ್ಷಕಿ ಬೋರ್ಡಿನ ಮೇಲೆ ‘ಸಬ್‌ಟ್ರ್ಯಾಕ್ಟ್ 125 ಫ್ರಮ್ 340’ ಎಂದು ಬರೆದರು. ನನ್ನ ಪಕ್ಕದ ಹುಡುಗಿ ಮೇಲೆ 125, ಕೆಳಗೆ 340 ಬರೆದುಕೊಂಡಳು. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ಉತ್ತರ 225 ಎಂದಳು. ಸುತ್ತಮುತ್ತಲಿನ ಪುಸ್ತಕಗಳಲ್ಲೂ ಅದೇ 225. ‘ಇವರಿಗೆ ದಶಕ ತೆಗೆದುಕೊಳ್ಳುವುದೇ ಮರೆತುಹೋಗಿದೆ’ ಎಂದುಕೊಂಡ ಶಿಕ್ಷಕಿ ಮಿಕ್ಕ ಇಪ್ಪತ್ತು ನಿಮಿಷ ಅದನ್ನೇ ಮತ್ತೆ ಕಲಿಸಿದರು. ಅವರ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಗಂಟೆ ಹೊಡೆದ ಮೇಲೆ ಆ ಹುಡುಗಿಯನ್ನು ಕರೆದು, ‘ಮುನ್ನೂರ ನಲವತ್ತರಲ್ಲಿ ನೂರ ಇಪ್ಪತ್ತೈದನ್ನು ಕಳೆಯಮ್ಮ’ ಎಂದೆ. ದಶಕವನ್ನೂ ಸರಿಯಾಗಿ ತೆಗೆದುಕೊಂಡು 215 ಎಂದು ಬರೆದುಕೊಟ್ಟಳು. ಅವಳಿಗೆ ವ್ಯವಕಲನ ಬರುತ್ತಿತ್ತು. ಕನ್ನಡದಲ್ಲಿ ಯಾವುದರಿಂದ ಕಳೆಯಬೇಕೋ ಆ ಸಂಖ್ಯೆ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ಕಳೆಯಬೇಕಾದ ಸಂಖ್ಯೆ ಮೊದಲು. ಅವಳು ಇಂಗ್ಲಿಷಿನ ವಾಕ್ಯವನ್ನು ಕನ್ನಡದ ಕ್ರಮದಲ್ಲಿ ಓದಿಕೊಂಡಿದ್ದಳು, ಅಷ್ಟೇ.

ಯಾವ ತರಬೇತಿ ಪಡೆದಿದ್ದರೆ ಆ ಶಿಕ್ಷಕಿಗೆ 225ರ ಗುಟ್ಟು ತರಗತಿಯಲ್ಲೇ ಹೊಳೆಯುತ್ತಿತ್ತು? ಇಂಗ್ಲಿಷಿನಲ್ಲಿ ವಿಷಯ ಕಲಿಸಲು ಸಜ್ಜಾಗಬೇಕೆನ್ನುವ ಶಿಕ್ಷಕರ ಮುಂದೆ ಈಗ ನಾಲ್ಕೈದು ದಾರಿಗಳಿವೆ. ಅವುಗಳನ್ನು ನಾನು ಈ ಒಂದು ಲೆಕ್ಕವನ್ನೇ ಬಟ್ಟು ಮಾಡಿಕೊಂಡು ತೂಗುತ್ತೇನೆ. ತರಬೇತಿ ಪಡೆಯುವ ಕಡೆಯಲ್ಲೂ ಕೊಡುವ ಕಡೆಯಲ್ಲೂ ಕುಳಿತವನು ನಾನು. ಪಕ್ಷಪಾತವಿಲ್ಲ ಎಂದು ಹೇಳಿಕೊಳ್ಳುವುದಿಲ್ಲ.

ಕರ್ನಾಟಕದಲ್ಲಿ 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. 2024–25ರ ಬಜೆಟ್ಟಿನಲ್ಲಿ ಇನ್ನೂ ಎರಡು ಸಾವಿರ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವ ಘೋಷಣೆಯಾಯಿತು. ಮಾಧ್ಯಮ ಯಾವುದಿರಬೇಕು ಎಂಬ ವಾದ ಗೋಕಾಕ್ ಚಳವಳಿಯ ಕಾಲದಿಂದ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ನಡೆದುಬಂದಿದೆ, ಇನ್ನೂ ಮುಗಿದಿಲ್ಲ. ಕೆಳಗಿನ ತರಗತಿಗಳಲ್ಲಿ ಮನೆಮಾತಿಗೆ ಸಮನಾದದ್ದಿಲ್ಲ ಎಂಬುದು ನನ್ನ ನಿಲುವು. ಆದರೆ ಜೂನ್ ತಿಂಗಳಲ್ಲಿ ಇಂಗ್ಲಿಷ್ ಪಠ್ಯಪುಸ್ತಕವನ್ನು ಕೈಗೆ ಕೊಟ್ಟು ‘ಹೋಗಿ ಕಲಿಸಿ’ ಎಂದರೆ ಶಿಕ್ಷಕಿ ಏನು ಮಾಡಬೇಕು? ಈ ಬರಹ ಅವರಿಗಾಗಿ, ಅವರನ್ನು ತರಬೇತಿಗೆ ಕಳುಹಿಸುವ ಮುಖ್ಯ ಶಿಕ್ಷಕರಿಗಾಗಿ.

ಮೊದಲು ಕೊರತೆ ಯಾವುದೆಂದು ಗುರುತಿಸಿ

ತರಬೇತಿ ಆಯ್ದುಕೊಳ್ಳುವಾಗ ಎಲ್ಲರೂ ಎಡವುವ ಜಾಗ ಇದು. ‘ನಮ್ಮ ಶಿಕ್ಷಕರಿಗೆ ಇಂಗ್ಲಿಷ್ ಸಾಲದು’ ಎನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕೊರತೆಗಳು ಅಡಗಿರುತ್ತವೆ.

ಮೊದಲನೆಯದು ಶಿಕ್ಷಕರ ಸ್ವಂತ ಇಂಗ್ಲಿಷ್. ‘ಪುಸ್ತಕ ತೆಗೆಯಿರಿ, ಇಬ್ಬಿಬ್ಬರಾಗಿ ಕುಳಿತುಕೊಳ್ಳಿ, ಯಾಕೆ ಹಾಗಾಯಿತು ಹೇಳಿ’ ಎನ್ನುವ ಮಾತುಗಳು ತಡವರಿಸದೆ ಬರುತ್ತವೆಯೇ?

ಎರಡನೆಯದು ವಿಷಯದ ಭಾಷೆ. ಇದು ಬೇರೆಯೇ ಜಾತಿಯದು. ಬಸ್ ನಿಲ್ದಾಣದಲ್ಲಿ ಸರಾಗವಾಗಿ ಇಂಗ್ಲಿಷ್ ಮಾತನಾಡುವವರಿಗೂ ಘನೀಕರಣದ ಪ್ರಯೋಗವನ್ನು ಇಂಗ್ಲಿಷಿನಲ್ಲಿ ವಿವರಿಸಲು ನಾಲಿಗೆ ತೊಡರುತ್ತದೆ. ಕನ್ನಡದಲ್ಲೂ ಇದು ಸುಲಭವಲ್ಲ ಎಂಬುದನ್ನು ಮರೆಯುತ್ತೇವೆ. ಮನೆಯಲ್ಲಿ ‘ಅವನಿಗೆ ಶಕ್ತಿ ಜಾಸ್ತಿ’ ಎಂದು ಎಲ್ಲಕ್ಕೂ ಒಂದೇ ಪದ ಬಳಸುವ ನಾವು ಭೌತಶಾಸ್ತ್ರದ ಪಾಠದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂದು ಮೂರಾಗಿ ಒಡೆಯಬೇಕು. ಮಾತೃಭಾಷೆಯ ತರಗತಿಯಲ್ಲೂ ವಿಜ್ಞಾನದ ಮಾತು ಎಂದರೆ ಅರ್ಧ ಪರಭಾಷೆಯೇ.

ಮೂರನೆಯದು ಮಕ್ಕಳ ಇಂಗ್ಲಿಷ್. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ಒಂದು ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಟದ ಬಯಲಿನ, ಅಂಗಡಿಯ ಮಾತು ಒಂದು ಬಗೆ. ಪಾಠಪುಸ್ತಕದ, ಪರೀಕ್ಷೆಯ ಮಾತು ಇನ್ನೊಂದು ಬಗೆ. ಅಲ್ಲಿಗೆ ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಎರಡು ವರ್ಷದಲ್ಲಿ ಒಲಿದರೆ ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂದು ಅವರು ಕಂಡುಕೊಂಡರು. ಅದೂ ಮನೆಯಿಂದ ಹೊರಗೆ ಕಾಲಿಟ್ಟರೆ ಇಂಗ್ಲಿಷೇ ಕಿವಿಗೆ ಬೀಳುವ ಊರಿನಲ್ಲಿ. ನಮ್ಮ ಹಳ್ಳಿಯ ಮಗುವಿಗೆ ಇಂಗ್ಲಿಷ್ ಕೇಳಿಸುವುದು ತರಗತಿಯ ನಾಲ್ಕು ಗೋಡೆಯೊಳಗೆ ಮಾತ್ರ. ಆದ್ದರಿಂದ ‘ಮಕ್ಕಳು ಚೆನ್ನಾಗಿ ರೈಮ್ಸ್ ಹೇಳುತ್ತಾರೆ, ಇನ್ನು ವಿಜ್ಞಾನ ಇಂಗ್ಲಿಷಿನಲ್ಲೇ ಆಗಲಿ’ ಎಂಬ ಲೆಕ್ಕಾಚಾರಕ್ಕೆ ಬುಡವೇ ಇಲ್ಲ.

225 ಬರೆಸಿದ್ದು ಎರಡನೆಯ ಮತ್ತು ಮೂರನೆಯ ಕೊರತೆ. ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುವುದು ಮೊದಲನೆಯದಕ್ಕೆ ಮದ್ದು.

ತಿಂಗಳ ಇಂಗ್ಲಿಷ್ ತರಬೇತಿ

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ನಮ್ಮ ಶಿಕ್ಷಕರಿಗೆ ಹಳೆಯ ಪರಿಚಯ. 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡುತ್ತಾ ಬಂದಿದೆ. ಒಂದು ತಿಂಗಳ ತರಬೇತಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅದೇ. ಉಚ್ಚಾರಣೆ, ವ್ಯಾಕರಣ, ಸಂಭಾಷಣೆ, ಪಾಠ ಮಾಡಿ ತೋರಿಸುವ ಅಭ್ಯಾಸ ಇವೆಲ್ಲ ಈ ಬಗೆಯ ತರಬೇತಿಯ ಹೂರಣ.

ಇದರಿಂದ ಬರುವ ಲಾಭ ದೊಡ್ಡದು, ಆದರೆ ಅದು ಬೇರೆಯ ಲಾಭ. ಬಾಯಿ ಬಿಡಲು ಹೆದರುತ್ತಿದ್ದವರು ಮೂವತ್ತು ದಿನದ ನಂತರ ಧೈರ್ಯವಾಗಿ ಮಾತನಾಡುವುದನ್ನು ನಾನೇ ಕಂಡಿದ್ದೇನೆ. ಸಿಬ್ಬಂದಿ ಕೊಠಡಿಯಲ್ಲಿ ಅವರ ನಡಿಗೆಯೇ ಬದಲಾಗಿರುತ್ತದೆ. ಆದರೆ ಈ ತರಬೇತಿ ರೂಪುಗೊಂಡಿರುವುದು ಇಂಗ್ಲಿಷ್ ಭಾಷೆಯನ್ನು ಕಲಿಸುವವರಿಗಾಗಿ. ಪದ್ಯ, ಗದ್ಯ, ಕಾಲವಾಚಕ ಕ್ರಿಯಾಪದಗಳ ಸುತ್ತ ಅದು ಸುತ್ತುತ್ತದೆ. ‘ಫೈವ್ ಲೆಸ್ ದ್ಯಾನ್ ಟ್ವೆಂಟಿ’ ಎಂದಾಗ ಮಗು ಯಾಕೆ 5 ಅನ್ನು ಮೊದಲು ಬರೆಯುತ್ತದೆ ಎಂಬ ಚರ್ಚೆಗೆ ಅಲ್ಲಿ ಜಾಗವಿಲ್ಲ. ಅದು ಅದರ ತಪ್ಪೂ ಅಲ್ಲ.

ಖರ್ಚಿನ ಲೆಕ್ಕವನ್ನೂ ಹಾಕಬೇಕು. ಶಿಕ್ಷಕರಿಗೆ ಶುಲ್ಕವಿಲ್ಲದಿರಬಹುದು, ಶಾಲೆಗೆ ಇದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಒಂದು ತಿಂಗಳು ಹೋದರೆ ಉಳಿದವರು ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳಬೇಕಾಗುತ್ತದೆ. ಚಿಕ್ಕ ಮಕ್ಕಳಿರುವ ಶಿಕ್ಷಕಿಯರು ತಿಂಗಳುಗಟ್ಟಲೆ ಊರು ಬಿಟ್ಟು ಇರಲಾರರು, ಪಟ್ಟಿಯಲ್ಲಿ ಹೆಸರು ಬಂದಾಗಲೆಲ್ಲ ವಿನಾಯಿತಿ ಕೇಳುತ್ತಾರೆ. ಕೊನೆಗೆ ಯಾರಿಗೆ ಹೋಗಲು ಅನುಕೂಲವೋ ಅವರೇ ಮತ್ತೆ ಮತ್ತೆ ಹೋಗುತ್ತಾರೆ.

ಶಿಕ್ಷಕರ ಇಂಗ್ಲಿಷ್ ಸುಧಾರಿಸಿದರೆ ಸಾಕು ಎಂದು ನಂಬಿ ಒಂದು ದೇಶವೇ ಹೆಜ್ಜೆ ಇಟ್ಟ ಕಥೆ ಇದೆ. ಮಲೇಷ್ಯಾ 2003ರಲ್ಲಿ ಗಣಿತ, ವಿಜ್ಞಾನಗಳನ್ನು ಮಲಯ್ ಬದಲು ಇಂಗ್ಲಿಷಿನಲ್ಲಿ ಕಲಿಸಲು ನಿರ್ಧರಿಸಿತು. ಆ ವಿಷಯಗಳ ಶಿಕ್ಷಕರಿಗೆಂದೇ ಇಂಗ್ಲಿಷ್ ತರಬೇತಿ ರೂಪಿಸಿತು, ಲ್ಯಾಪ್‌ಟಾಪ್ ಕೊಟ್ಟಿತು, ಸಿ.ಡಿ.ಯಲ್ಲಿ ಸಿದ್ಧ ಪಾಠಗಳನ್ನು ಹಂಚಿತು. ಹಣದ ವಿಷಯದಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಆದರೂ 2009ರಲ್ಲಿ ಆ ನೀತಿಯನ್ನು ಕೈಬಿಡುವುದಾಗಿ ಹೇಳಿ, 2012ರಿಂದ ಹಂತ ಹಂತವಾಗಿ ಹಿಂದಕ್ಕೆ ಬಂದಿತು. ಹಳ್ಳಿಯ ಮಕ್ಕಳು ಹಿಂದೆ ಬೀಳುತ್ತಿರುವುದು ಸರ್ಕಾರವೇ ಕೊಟ್ಟ ಕಾರಣಗಳಲ್ಲೊಂದು. 2016ರಲ್ಲಿ ಅದೇ ದೇಶ ಈ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸುವುದನ್ನು ಮತ್ತೆ ತಂದಾಗ ಎಲ್ಲ ಶಾಲೆಗಳ ಮೇಲೂ ಹೇರಲಿಲ್ಲ. ಸಿದ್ಧವಿರುವ ಶಾಲೆ, ಒಪ್ಪುವ ಪೋಷಕರು ಎಂಬ ಷರತ್ತು ಇಟ್ಟಿತು.

ತರಗತಿಯಲ್ಲಿ ಐದು ಸೂಚನೆಗಳನ್ನು ಇಂಗ್ಲಿಷಿನಲ್ಲಿ ಕೊಡಲು ಆಗದ ಶಿಕ್ಷಕರಿಗೆ ತಿಂಗಳ ತರಬೇತಿ ಮೊದಲ ಮೆಟ್ಟಿಲು. ಆಗುವವರಿಗೆ ಇದು ಎರಡನೆಯ ಬಾರಿ ಒಂದನೇ ತರಗತಿಗೆ ಹೋದಂತೆ.

ಪ್ರಮಾಣಪತ್ರದ ದಾರಿ

ಖಾಸಗಿ ಶಾಲೆಗಳ ಶಿಕ್ಷಕರು, ಮುಂದೆ ಗಲ್ಫ್ ಕಡೆ ಅಥವಾ ಅಂತರರಾಷ್ಟ್ರೀಯ ಶಾಲೆಗಳ ಕಡೆ ನೋಡುತ್ತಿರುವವರು ಕೇಳುವುದು ಇದನ್ನು. ಹೆಸರುಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಗೊಂದಲ ಸಹಜ.

ಕೇಂಬ್ರಿಜ್‌ನ ಸೆಲ್ಟಾ ಎನ್ನುವುದು ಇಂಗ್ಲಿಷ್ ಭಾಷೆಯನ್ನು ಕಲಿಸಲು. ಸುಮಾರು 120 ಗಂಟೆಗಳ ಪಾಠ, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಕಲಿಸಿ ತೋರಿಸಬೇಕು. ಕೋರ್ಸ್ ಗಟ್ಟಿ, ಖರ್ಚೂ ಗಟ್ಟಿ. ಆದರೆ ಎಂಟನೇ ತರಗತಿಗೆ ಜೀವಶಾಸ್ತ್ರ ಕಲಿಸುವವರು ಇದಕ್ಕೆ ಹಣ ಸುರಿಯಬೇಕಾಗಿಲ್ಲ. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಆರಂಭವಾಗಿ ಈಗ ವಿಶ್ವವಿದ್ಯಾಲಯವಾಗಿರುವ ಇಫ್ಲುವಿನ ಇಂಗ್ಲಿಷ್ ಬೋಧನೆಯ ಕೋರ್ಸ್‌ಗಳಿಗೂ ಇದೇ ಮಾತು: ಇಂಗ್ಲಿಷ್ ಮೇಷ್ಟರಾಗಬೇಕೆನ್ನುವವರಿಗೆ ಒಳ್ಳೆಯದು.

ವಿಷಯ ಶಿಕ್ಷಕರಿಗೆ ನೇರವಾಗಿ ಸಂಬಂಧಿಸಿದ್ದು ಕೇಂಬ್ರಿಜ್‌ನದೇ ಇನ್ನೊಂದು ಪರೀಕ್ಷೆ, ಶಿಕ್ಷಕರ ಬೋಧನಾ ಜ್ಞಾನವನ್ನು ಅಳೆಯುವ ಟಿ.ಕೆ.ಟಿ. ಸರಣಿಯ ಕ್ಲಿಲ್ ಭಾಗ. ಕ್ಲಿಲ್ ಎಂದರೆ ವಿಷಯ ಮತ್ತು ಭಾಷೆ ಎರಡನ್ನೂ ಒಟ್ಟಿಗೆ ಹೆಣೆದು ಕಲಿಸುವುದು. 1994ರಲ್ಲಿ ಯುರೋಪಿನಲ್ಲಿ ಡೇವಿಡ್ ಮಾರ್ಷ್ ಚಾಲ್ತಿಗೆ ತಂದ ಹೆಸರು. ಪರೀಕ್ಷೆ 80 ನಿಮಿಷದ್ದು, 80 ಬಹು ಆಯ್ಕೆಯ ಪ್ರಶ್ನೆಗಳು, ನಪಾಸು ಎನ್ನುವುದಿಲ್ಲ, ನಾಲ್ಕು ಶ್ರೇಣಿಗಳಲ್ಲಿ ಒಂದನ್ನು ಕೊಡುತ್ತಾರೆ. ಮಕ್ಕಳ ಮುಂದೆ ನಿಂತು ತೋರಿಸಬೇಕಾದದ್ದು ಏನೂ ಇಲ್ಲ. ಅಂದರೆ ಈಜಿನ ಬಗ್ಗೆ ಬರೆಯುವ ಪರೀಕ್ಷೆ.

ಹಾಗೆಂದು ಅದರ ಪಠ್ಯಕ್ರಮವನ್ನು ತಳ್ಳಿಹಾಕುವುದಿಲ್ಲ. ಕ್ಲಿಲ್ ವಿಚಾರವನ್ನು ಬೆಳೆಸಿದ ಡೂ ಕಾಯ್ಲ್ ಒಂದು ಪಾಠದ ಭಾಷೆಯನ್ನು ಮೂರಾಗಿ ನೋಡಲು ಕಲಿಸುತ್ತಾರೆ. ಇದೊಂದನ್ನು ಅರಗಿಸಿಕೊಂಡರೆ ಪಾಠ ಟಿಪ್ಪಣಿಯ ಸ್ವರೂಪವೇ ಬೇರೆಯಾಗುತ್ತದೆ. ನೀರು ಆವಿಯಾಗುವ ಪಾಠವನ್ನೇ ತೆಗೆದುಕೊಳ್ಳಿ. ಆವಿ, ಆವಿಯಾಗುವಿಕೆ, ಮೇಲ್ಮೈ, ಉಷ್ಣತೆ ಇವುಗಳ ಇಂಗ್ಲಿಷ್ ಪದಗಳು ಪಾಠದ್ದೇ ಭಾಷೆ. ಎರಡನೆಯದು ಪಾಠ ನಡೆಯಲು ಬೇಕಾದ ಭಾಷೆ: ‘ಈ ತಟ್ಟೆಯ ನೀರು ಬೇಗ ಆರಿತು, ಏಕೆಂದರೆ’ ಎಂದು ಕಾರಣ ಕೊಡುವುದು, ‘ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು’ ಎಂದು ಊಹಿಸುವುದು, ‘ನಾನು ಒಪ್ಪುವುದಿಲ್ಲ’ ಎನ್ನುವುದು. ನಮ್ಮ ಶಿಕ್ಷಕರು ಮೊದಲನೆಯದನ್ನು ಬೋರ್ಡಿನ ಮೂಲೆಯಲ್ಲಿ ‘ಕಠಿಣ ಪದಗಳು’ ಎಂದು ಬರೆಸಿ ಕೈ ತೊಳೆದುಕೊಳ್ಳುತ್ತಾರೆ. ಎರಡನೆಯದನ್ನು ಯಾರೂ ಕಲಿಸುವುದಿಲ್ಲ. ಹೀಗಾಗಿ ಮಗುವಿಗೆ ‘ಇವ್ಯಾಪರೇಷನ್’ ಗೊತ್ತು, ‘ಏಕೆಂದರೆ’ ಗೊತ್ತಿಲ್ಲ! ಮೂರನೆಯದು ಚರ್ಚೆ ನಡೆಯುತ್ತಿರುವಾಗಲೇ ಹುಟ್ಟುವ ಭಾಷೆ. ‘ಒಗೆದ ಬಟ್ಟೆ ಮಳೆಗಾಲದಲ್ಲಿ ಯಾಕೆ ಆರುವುದಿಲ್ಲ ಮಿಸ್’ ಎಂದು ಮಗು ಕನ್ನಡದಲ್ಲಿ ಕೇಳಿದಾಗ ತೇವಾಂಶಕ್ಕೆ ಇಂಗ್ಲಿಷ್ ಪದ ಬೇಕಾಗುತ್ತದೆ. ಟಿಪ್ಪಣಿಯಲ್ಲಿ ಅದು ಇರುವುದಿಲ್ಲ, ಇರಲೂಬಾರದು.

ಇಷ್ಟನ್ನು ತಿಳಿಯಲು ಪರೀಕ್ಷೆಗೆ ಕೂರಲೇಬೇಕಾಗಿಲ್ಲ. ಕೆಲಸದ ಅರ್ಜಿಗೆ ಕಾಗದ ಬೇಕೆಂದಿದ್ದರೆ ಬರೆಯಿರಿ. ತರಗತಿ ಸುಧಾರಿಸಬೇಕೆಂದಿದ್ದರೆ ಪಠ್ಯಕ್ರಮವನ್ನು ಓದಿಕೊಂಡು ಹಣ ಉಳಿಸಿ.

ಐದು ದಿನದ ಕಾರ್ಯಾಗಾರ

ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲೋ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಲ್ಲೋ ನಡೆಯುವ ಕಾರ್ಯಾಗಾರಗಳ ದೊಡ್ಡ ಗುಣವೆಂದರೆ ಅಲ್ಲಿ ನಮ್ಮದೇ ಪಠ್ಯಪುಸ್ತಕ ಮೇಜಿನ ಮೇಲಿರುತ್ತದೆ. ಬಂದವರೆಲ್ಲ ಅದೇ ತಾಲ್ಲೂಕಿನವರು, ಅದೇ ಪಾಠ ಮಾಡುವವರು. ಊಟದ ಹೊತ್ತಿನ ಮಾತುಕತೆಯಲ್ಲೇ ಅರ್ಧ ತರಬೇತಿ ಆಗಿರುತ್ತದೆ.

ದೊಡ್ಡ ದೋಷವೂ ಗೊತ್ತಿರುವುದೇ. ರಾಜ್ಯ ಮಟ್ಟದಲ್ಲಿ ತರಬೇತಾದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳುವ ಪದ್ಧತಿ. ಕಾಲುವೆಯ ಕೊನೆಯ ಹೊಲಕ್ಕೆ ಎಷ್ಟು ನೀರು ಬರುತ್ತದೆಂದು ನಮ್ಮ ಕಡೆಯ ರೈತರಿಗೆ ಗೊತ್ತು. ಒಮ್ಮೆ ನಾನು ಹೋಗಿದ್ದ ಒಂದು ಕಾರ್ಯಾಗಾರದಲ್ಲಿ ‘ಮಕ್ಕಳಿಗೆ ಹೆಚ್ಚು ಮಾತನಾಡಲು ಅವಕಾಶ ಕೊಡಿ’ ಎಂಬ ವಿಷಯದ ಮೇಲೆ ಸಂಪನ್ಮೂಲ ವ್ಯಕ್ತಿಗಳು ಎರಡೂಕಾಲು ಗಂಟೆ ಒಬ್ಬರೇ ಮಾತನಾಡಿದರು. ನಾವು ಯಾರೂ ನಗಲಿಲ್ಲ; ಹಾಜರಾತಿಗೆ ಸಹಿ ಹಾಕುವುದು ಇನ್ನೂ ಬಾಕಿಯಿತ್ತು.

ಇಂತಹ ಕಾರ್ಯಾಗಾರ ಒಳ್ಳೆಯದೋ ಅಲ್ಲವೋ ಎಂದು ಮೊದಲ ದಿನವೇ ತಿಳಿಯುವ ಉಪಾಯವಿದೆ. ‘ನೀವು ಮುಂದಿನ ವಾರ ಮಾಡಲಿರುವ ಪಾಠ ಯಾವುದು? ಅದನ್ನು ತೆಗೆಯಿರಿ’ ಎಂದು ಕೇಳುತ್ತಾರೆಯೇ? ಕೇಳಿದರೆ ಕೂರಿ. ಇನ್ನೊಂದು: ತರಗತಿಯಲ್ಲಿ ಕನ್ನಡದ ಬಳಕೆಯ ಬಗ್ಗೆ ಏನು ಹೇಳುತ್ತಾರೆ ನೋಡಿ. ‘ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಾಯಿಂದ ಬರಕೂಡದು’ ಎನ್ನುವವರು ತರಗತಿಯನ್ನು ನೋಡಿ ಬಹಳ ದಿನವಾಗಿರುತ್ತದೆ. ‘ನಿಮಗೆ ಅನುಕೂಲವಾದಂತೆ ಮಾಡಿ’ ಎನ್ನುವವರೂ ಅಷ್ಟೇ ಅಪಾಯ. ಏಕೆಂದರೆ ಅನುಕೂಲಕ್ಕೆ ಬಿಟ್ಟರೆ ನಾವೆಲ್ಲ ಮಾಡುವುದು ಒಂದೇ: ಇಂಗ್ಲಿಷಿನ ಒಂದು ವಾಕ್ಯ ಓದುವುದು, ತಕ್ಷಣ ಕನ್ನಡದಲ್ಲಿ ಅರ್ಥ ಹೇಳುವುದು. ಒಂದೇ ವಾರದಲ್ಲಿ ಮಕ್ಕಳು ಜಾಣರಾಗುತ್ತಾರೆ. ಇಂಗ್ಲಿಷ್ ವಾಕ್ಯ ಮುಗಿಯುವವರೆಗೆ ಕಿಟಕಿಯ ಆಚೆ ನೋಡುತ್ತಾ ಕುಳಿತು, ಕನ್ನಡ ಬಂದಾಗ ಕಿವಿ ನಿಮಿರಿಸುತ್ತಾರೆ.

ಕನ್ನಡ ಎಲ್ಲಿ, ಇಂಗ್ಲಿಷ್ ಎಲ್ಲಿ ಎಂದು ಯೋಚಿಸಿ ಹಂಚುವುದು ಒಂದು ಕೌಶಲ. ವೇಲ್ಸ್ ದೇಶದಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಳಸುವ ಶಾಲೆಗಳಲ್ಲಿ ಕೆನ್ ವಿಲಿಯಮ್ಸ್ ಇದಕ್ಕೊಂದು ಶಿಸ್ತು ತಂದರು: ಒಂದು ಭಾಷೆಯಲ್ಲಿ ಓದಿ ಅಥವಾ ಕೇಳಿ, ಇನ್ನೊಂದು ಭಾಷೆಯಲ್ಲಿ ಮಾತನಾಡುವುದು ಅಥವಾ ಬರೆಯುವುದು. ನಮ್ಮಲ್ಲಿ ಇದನ್ನು ಹೀಗೆ ಮಾಡಬಹುದು. ಇಂಗ್ಲಿಷಿನಲ್ಲಿ ಅರ್ಧ ಪುಟ ಓದುವುದು, ಗುಂಪಿನಲ್ಲಿ ಕನ್ನಡದಲ್ಲಿ ಜಗಳವಾಡಿ ಅರ್ಥ ಮಾಡಿಕೊಳ್ಳುವುದು, ಕೊನೆಗೆ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆಯುವುದು. ಇಲ್ಲಿ ಕನ್ನಡ ಬರುವುದು ಅರ್ಥ ಹೇಳಿಸಿಕೊಳ್ಳಲು ಅಲ್ಲ, ಯೋಚಿಸಲು. ದ್ವಿಭಾಷಾ ಪಠ್ಯಪುಸ್ತಕ ಇರುವ ಕಡೆ ಈ ಹಂಚಿಕೆ ಇನ್ನೂ ಮುಖ್ಯ. ಎರಡೂ ಭಾಷೆ ಕಣ್ಣ ಮುಂದೆಯೇ ಇದ್ದಾಗ ಮಗು ಸುಲಭದ ಕಡೆಗೆ ಹೊರಳುವುದು ಸಹಜ. ಯಾವಾಗ ಯಾವ ಭಾಷೆಯ ಪುಟ ಎಂದು ನಿರ್ಧರಿಸಬೇಕಾದವರು ಶಿಕ್ಷಕರು.

ಈ ಹಂಚಿಕೆಯನ್ನು ನಿಮ್ಮದೇ ಪಾಠದ ಮೇಲೆ ಮಾಡಿಸುವ ಕಾರ್ಯಾಗಾರ 225ರ ಹತ್ತಿರಕ್ಕೆ ಬರುತ್ತದೆ. ಆದರೆ ಆರನೆಯ ದಿನ ಯಾರೂ ನಿಮ್ಮ ಶಾಲೆಗೆ ಬರುವುದಿಲ್ಲ.

ಆನ್‌ಲೈನ್

ಹೆಚ್ಚು ಹೇಳಲು ಇಲ್ಲ. ಸರ್ಕಾರದ ದೀಕ್ಷಾ ಜಾಲತಾಣದಲ್ಲೂ ಬೇರೆಡೆಯೂ ಉಚಿತ ಕೋರ್ಸ್‌ಗಳಿವೆ. ಇಂಗ್ಲಿಷ್ ಕೇಳಿ ಕಿವಿ ಪಳಗಿಸಿಕೊಳ್ಳಲು, ಬೇರೆ ದೇಶದ ತರಗತಿ ಹೇಗಿರುತ್ತದೆ ನೋಡಲು ಚೆನ್ನ. ಆದರೆ ಒಲೆಯ ಪಕ್ಕ ಮೊಬೈಲ್ ಇಟ್ಟು ವಿಡಿಯೋ ಓಡಿಸಿ, ಕೊನೆಯ ರಸಪ್ರಶ್ನೆಯ ಉತ್ತರಗಳನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಕೊಂಡು ಪ್ರಮಾಣಪತ್ರ ಪಡೆದವರಲ್ಲಿ ನಾನೂ ಒಬ್ಬ. ಶಾಲೆಯಲ್ಲಿ ಜೊತೆಗೆ ಕುಳಿತು ಚರ್ಚಿಸುವ ಇನ್ನೊಬ್ಬರು ಇದ್ದರೆ ಮಾತ್ರ ಇದನ್ನು ಆಯ್ದುಕೊಳ್ಳಿ.

ಶಾಲೆಯೊಳಗಿನ ಜೋಡಿ

ನಾನು ಯಾವುದರ ಪರ ಎಂದು ಇಷ್ಟರಲ್ಲಿ ಗೊತ್ತಾಗಿರಬೇಕು. ವಿಷಯ ಶಿಕ್ಷಕರೊಬ್ಬರು, ಭಾಷಾ ಶಿಕ್ಷಕರೊಬ್ಬರು, ವಾರಕ್ಕೆ ನಲವತ್ತು ನಿಮಿಷ. ಮುಂದಿನ ವಾರದ ಪಾಠವನ್ನು ಇಬ್ಬರೂ ಓದುತ್ತಾರೆ. ವಿಷಯ ಶಿಕ್ಷಕರು ‘ಮಕ್ಕಳಿಗೆ ಇದು ತಿಳಿಯಬೇಕು’ ಎನ್ನುತ್ತಾರೆ. ಭಾಷಾ ಶಿಕ್ಷಕರು ‘ಅದಕ್ಕೆ ಮಕ್ಕಳ ಬಾಯಲ್ಲಿ ಈ ವಾಕ್ಯ ಇರಬೇಕು’ ಎನ್ನುತ್ತಾರೆ. ತಿಂಗಳಿಗೆ ಒಮ್ಮೆ ಒಬ್ಬರು ಇನ್ನೊಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಶಿಕ್ಷಕರನ್ನು ನೋಡದೆ ಮಕ್ಕಳ ಪುಸ್ತಕವನ್ನು ನೋಡುತ್ತಾರೆ.

ಕೂತವರಿಗೆ ಒಂದು ಪಟ್ಟಿ ಬೇಕು. ಅಮೆರಿಕದಲ್ಲಿ ವಲಸಿಗರ ಮಕ್ಕಳಿಗೆ ಇಂಗ್ಲಿಷಿನಲ್ಲಿ ವಿಷಯ ಕಲಿಸುವವರಿಗಾಗಿ ರೂಪಿಸಿದ ಸಯಾಪ್ ಎಂಬ ವೀಕ್ಷಣಾ ಪಟ್ಟಿ ಇದೆ: ಎಂಟು ಭಾಗ, ಮೂವತ್ತು ಅಂಶ. ಮೂವತ್ತನ್ನೂ ಹಿಡಿದು ಕುಳಿತರೆ ತಪಾಸಣೆಗೆ ಬಂದ ಅಧಿಕಾರಿಯಂತೆ ಕಾಣುತ್ತೀರಿ. ನಾನು ಉಳಿಸಿಕೊಂಡದ್ದು ಮೂರು. ವಿಷಯದ ಗುರಿಯ ಜೊತೆಗೆ ಭಾಷೆಯ ಗುರಿಯೂ ಬೋರ್ಡಿನ ಮೇಲೆ ಇದೆಯೇ? ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸಮಯ ಕೊಟ್ಟರೇ, ತಾವೇ ಹೇಳಿಬಿಟ್ಟರೇ? ಅಗತ್ಯ ಬಿದ್ದಾಗ ಮಗು ತನ್ನ ಭಾಷೆಯಲ್ಲಿ ವಿಷಯ ಸ್ಪಷ್ಟಪಡಿಸಿಕೊಳ್ಳಲು ಅವಕಾಶವಿತ್ತೇ? ಈ ಮೂರನೆಯದು ಅಮೆರಿಕದ ಪಟ್ಟಿಯಲ್ಲೇ ಇದೆ ಎಂದರೆ ನಮ್ಮಲ್ಲಿ ಕೆಲವರು ನಂಬುವುದಿಲ್ಲ.

ಜೋಡಿಯ ದಾರಿಗೆ ಪ್ರಮಾಣಪತ್ರವಿಲ್ಲ, ಓ.ಓ.ಡಿ. (ಕರ್ತವ್ಯದ ಮೇಲೆ ಹೊರಗಿರುವ ಅನುಮತಿ) ಇಲ್ಲ, ಸೇವಾ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಮುಖ್ಯ ಶಿಕ್ಷಕರು ವೇಳಾಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಬಿಡುವಿನ ಅವಧಿ ಕೊಡದಿದ್ದರೆ ಎರಡನೆಯ ವಾರಕ್ಕೇ ನಿಲ್ಲುತ್ತದೆ. ಇಬ್ಬರಲ್ಲಿ ಒಬ್ಬರಿಗೂ ಇಂಗ್ಲಿಷ್ ಗಟ್ಟಿಯಿಲ್ಲದಿದ್ದರೆ ಕುರುಡರು ಕುರುಡರಿಗೆ ದಾರಿ ತೋರಿಸಿದಂತಾಗುತ್ತದೆ. ಅಂತಹ ಶಾಲೆ ಮೊದಲು ಒಬ್ಬರನ್ನು ತಿಂಗಳ ತರಬೇತಿಗೆ ಕಳುಹಿಸಲೇಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಜೋಡಿ ಕಟ್ಟುವುದು ಕಷ್ಟ, ಕ್ಲಸ್ಟರ್ ಮಟ್ಟದ, ಎಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯಲ್ಲಿ ಮಾಹಿತಿ ನಮೂನೆ ತುಂಬುವ ಸಮಯದಿಂದ ಒಂದು ಗಂಟೆ ಕದ್ದು ಪಕ್ಕದ ಊರಿನವರ ಜೊತೆ ಕೂರಬೇಕಾಗುತ್ತದೆ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಸಿ.ಆರ್.ಪಿ., ಒಳ್ಳೆಯವರಾಗಿದ್ದರೆ ಇದು ಸಾಧ್ಯ.

ಮಕ್ಕಳ ಭಾಷೆ ಬಲ್ಲ ಶಿಕ್ಷಕರೇ ಈ ಕೆಲಸದ ಬಂಡವಾಳ. ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಶುರುವಾದದ್ದನ್ನು ಎಲ್ಲ ತರಬೇತಿಯಲ್ಲೂ ಉದಾಹರಣೆ ಕೊಡುತ್ತಾರೆ. ಪೋಷಕರೇ ಕೇಳಿ ಮಾಡಿಸಿದ್ದು, ಮಗು ಇಂಗ್ಲಿಷಿನಲ್ಲಿ ಹೇಳಿದ್ದು ಶಿಕ್ಷಕಿಗೆ ಅರ್ಥವಾಗುತ್ತಿತ್ತು ಎಂಬ ಭಾಗವನ್ನು ಮಾತ್ರ ಹೇಳುವುದಿಲ್ಲ. ಇದರ ತಿರುಗುಮುರುಗು ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಶಿಕ್ಷಕರಿಗೆ ವಿಷಯ ಬರುತ್ತಿರಲಿಲ್ಲ ಎಂದು ಯಾರೂ ದೂರಲಿಲ್ಲ. ಮಗು ಕೇಳಿದ ಪ್ರಶ್ನೆ ಅವರಿಗೆ ಅರ್ಥವಾಗುತ್ತಿರಲಿಲ್ಲ ಎಂಬುದೇ ಅಳಲು.

ಇನ್ನೊಂದು ಮಾತು. ತಾಂಡಾದ ಶಾಲೆಗಳಲ್ಲಿ, ಬೆಟ್ಟದಾಚೆ ತುಳು, ಬ್ಯಾರಿ, ಕೊಡವ ಮನೆಮಾತಿನ ಮಕ್ಕಳಿರುವ ಶಾಲೆಗಳಲ್ಲಿ, ಕನ್ನಡವೇ ಎರಡನೆಯ ಭಾಷೆ. ಅಲ್ಲಿನ ಶಿಕ್ಷಕರು ಯಾವ ಹೆಸರೂ ಇಡದೆ ಇದೇ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ಲಂಬಾಣಿಯ ನೂರಿನ್ನೂರು ಪದಗಳನ್ನು ಮಕ್ಕಳಿಂದಲೇ ಕಲಿತು, ಒಂದನೇ ತರಗತಿಯ ಗಣಿತವನ್ನು ಅದರಲ್ಲಿ ಶುರು ಮಾಡಿ ಕನ್ನಡಕ್ಕೆ ದಾಟಿಸಿದವರು ನನಗೆ ಗೊತ್ತು. ನಿಮ್ಮ ಕ್ಲಸ್ಟರಿನಲ್ಲಿ ಅಂತಹವರು ಇದ್ದರೆ ಜೋಡಿಗೆ ಮೊದಲು ಅವರನ್ನೇ ಹುಡುಕಿ. ಅವರ ಇಂಗ್ಲಿಷ್ ನಿಮ್ಮದಕ್ಕಿಂತ ಕಡಿಮೆ ಇದ್ದರೂ ಚಿಂತೆಯಿಲ್ಲ.

ಒಂದೇ ವರ್ಷದಲ್ಲಿ ಎಲ್ಲವನ್ನೂ ಮಾಡಲಾಗದ ಶಾಲೆ ಯಾವ ಕ್ರಮದಲ್ಲಿ ಹೋಗಬೇಕು? ಬೇಸಿಗೆಯಲ್ಲಿ ಒಬ್ಬರು ತಿಂಗಳ ತರಬೇತಿಗೆ. ಜೂನ್‌ನಲ್ಲಿ ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧದ ದಿನಗಳಲ್ಲೇ ಮಕ್ಕಳಿಗೆ ಕಾರಣ ಹೇಳುವ, ಹೋಲಿಸುವ, ಒಪ್ಪದಿರುವ ಹತ್ತು ಹನ್ನೆರಡು ಇಂಗ್ಲಿಷ್ ವಾಕ್ಯಗಳ ಅಭ್ಯಾಸ. ಜುಲೈಯಿಂದ ವಾರದ ಜೋಡಿ. ದಸರಾ ರಜೆಯ ಮುಂಚೆ ಕಾರ್ಯಾಗಾರ ಸಿಕ್ಕರೆ ಮೂರು ತಿಂಗಳ ಜೋಡಿಯಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗುವುದು. ಪ್ರಮಾಣಪತ್ರ ಅವರವರ ಜೇಬಿಗೆ ಬಿಟ್ಟದ್ದು.

ಆ ಐದನೇ ತರಗತಿಗೆ ಮರಳುತ್ತೇನೆ. 225 ಬರೆದಿದ್ದ ಪುಸ್ತಕವನ್ನು ಸಿಬ್ಬಂದಿ ಕೊಠಡಿಯಲ್ಲಿ ಬಿಚ್ಚಿಟ್ಟಾಗ ಮೊದಲು ಉಪಾಯ ಹೇಳಿದ್ದು ಇಂಗ್ಲಿಷ್ ಶಿಕ್ಷಕರಲ್ಲ, ಕನ್ನಡ ಶಿಕ್ಷಕಿ. ‘ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದದ ಕೊನೆಗೆ ಅಂಟುತ್ತದೆ, ಅವರಲ್ಲಿ ಮುಂಚೆಯೇ ಬಂದು ನಿಲ್ಲುತ್ತದೆ. “ಫ್ರಮ್” ಮತ್ತು 340 ಎರಡನ್ನೂ ಸೇರಿಸಿ ಒಂದು ಸುತ್ತು ಹಾಕಿಸಿ ನೋಡಿ, “340ರಿಂದ” ಎಂದಾಗುತ್ತದೆ’ ಎಂದರು. ಗಣಿತದ ಶಿಕ್ಷಕಿ ಮರುದಿನ ಹಾಗೆಯೇ ಮಾಡಿಸಿದರು. ಸುತ್ತು ಹಾಕಿದ ಸಂಖ್ಯೆ ಮೇಲೆ, ಉಳಿದದ್ದು ಕೆಳಗೆ ಎಂದು ಚಾರ್ಟಿನಲ್ಲೂ ಬರೆದು ಅಂಟಿಸಿದರು. ಹದಿನೈದು ದಿನದಲ್ಲಿ 225 ಮಾಯವಾಯಿತು.

ಮುಂದಿನ ತಿಂಗಳು ನಾನು ಹೋದಾಗ ಕಾಲದ ಪಾಠ ನಡೆಯುತ್ತಿತ್ತು. ಬಸ್ಸು ‘ಫ್ರಮ್ 9.40 ಟು 11.10’ ಓಡಿದರೆ ಎಷ್ಟು ಹೊತ್ತು ಎಂಬ ಲೆಕ್ಕ. ಅದೇ ಹುಡುಗಿ ‘ಫ್ರಮ್ 9.40’ಕ್ಕೆ ಅಂದವಾಗಿ ಸುತ್ತು ಹಾಕಿ, 9.40 ಅನ್ನು ಮೇಲೆ ಬರೆದುಕೊಂಡು, 11.10 ಅನ್ನು ಹೇಗೆ ಕಳೆಯುವುದೆಂದು ಪೆನ್ಸಿಲ್ ಕಚ್ಚುತ್ತಾ ಕುಳಿತಿದ್ದಳು. ಶಿಕ್ಷಕಿ ಈ ಸಲ ಬೋರ್ಡಿನ ಕಡೆ ತಿರುಗಲಿಲ್ಲ. ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ‘ಶುಕ್ರವಾರ ಜೋಡಿ ಕೂರುವಾಗ ಇದು’ ಎಂದು ನನಗೆ ತೋರಿಸಿದರು.